ಸಮಾಲೋಚನೆಯ ಊಟ

ಚಿಪ್ಪುಮೀನು ಬಿಡಿಸುವವರ ಕೈಯಲ್ಲಿ ಫೋನು ನಿಲ್ಲುವುದಿಲ್ಲ. ಬೆಂದ ಚಿಪ್ಪಿನ ಅಂಚು ಬ್ಲೇಡಿನಂತೆ ಬೆರಳು ಕೊರೆಯುತ್ತದೆ. ಕೊರೆದಲ್ಲಿಗೆ ಉಪ್ಪುನೀರು ಇಳಿಯುತ್ತದೆ. ಗಾಯ ಒಣಗುವ ಮೊದಲೇ ಇನ್ನೊಂದು ಬುಟ್ಟಿ ಎದುರಿಗೆ ಬಂದು ಕೂರುತ್ತದೆ. ಕ್ರಿಸಾಂತಾ ಬೆರಳುಗಳಿಗೆಲ್ಲ ಹಳೆಯ ಅಂಗಿಯ ಪಟ್ಟಿ ಸುತ್ತಿಕೊಂಡು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು ಕಾನೂನು ಹೇಳುತ್ತಿದ್ದಳು.

ಮನಿಲಾ ಕೊಲ್ಲಿಯ ತಲಬಾ ದಂಡೆಯಲ್ಲಿ, ಪುಟ್ಟ ಚರ್ಚಿನ ಬೆನ್ನಿಗೆ ಒಂದು ಕೋಣೆ. ಪವಿತ್ರ ವಾರದ ಮೆರವಣಿಗೆಯ ಪಲ್ಲಕ್ಕಿಯನ್ನು ಪ್ಲಾಸ್ಟಿಕ್ಕು ಹೊದೆಸಿ ಅಲ್ಲಿ ಇಟ್ಟಿರುತ್ತಾರೆ. ಅದರ ಕಂಬಕ್ಕೆ ಚಾರ್ಜರು ತೂಗುಹಾಕಿ, ಪಕ್ಕದಲ್ಲಿ ಒಂದು ಮೇಜು ಹಾಕಿದರೆ ಅದೇ ಕಚೇರಿ. ‘ಬಡವರಿಗೆ ಉಚಿತ ಕಾನೂನು ಸಲಹೆ, ಫೋನು ಮಾಡಿ’ ಎಂದು ಬಾಗಿಲ ಮೇಲೆ ಬಣ್ಣದಲ್ಲಿ ಬರೆದಿದೆ. ಕೊಲ್ಲಿಯ ಸುತ್ತ ಕಂಬಗಳ ಮೇಲೆ ಮನೆ ಕಟ್ಟಿಕೊಂಡು ಬದುಕುವವರಿಗೆಲ್ಲ ಆ ನಂಬರು ಬಾಯಿಪಾಠ. ಅವರು ಒಂದು ರಿಂಗು ಕೊಟ್ಟು ಕತ್ತರಿಸುತ್ತಾರೆ. ಇಲ್ಲಿಯವರು ತಿರುಗಿ ಮಾಡುತ್ತಾರೆ.

ಫೋನು ಎತ್ತಲು ಸ್ವಯಂಸೇವಕರು ಇಬ್ಬರೇ. ಒಬ್ಬಳು ಕ್ರಿಸಾಂತಾ. ಇನ್ನೊಬ್ಬ ತೆರ್ಯೊ, ಮೊದಲು ಜೀಪ್ನಿ ಎಂಬ ಬಾಡಿಗೆ ಗಾಡಿ ಓಡಿಸುತ್ತಿದ್ದವನು, ಒಂದು ಕಣ್ಣು ಮಂಜಾದ ಮೇಲೆ ಸ್ಟಿಯರಿಂಗು ಬಿಟ್ಟವನು, ಬಾಯಿಯನ್ನು ಮಾತ್ರ ಬಿಡದವನು. ಇಬ್ಬರಿಗೂ ಕಾನೂನು ಕಲಿಸಿದವಳು ವಕೀಲೆ ಲುವಾಲ್ಹಾತಿ. ಶನಿವಾರ ಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವಳು ಇಟ್ಟ ನಿಯಮ ಎರಡು. ಕಾನೂನು ಹೇಳಿ, ಏನು ಮಾಡಬೇಕೆಂಬ ತೀರ್ಮಾನ ಅವರಿಗೇ ಬಿಡಿ. ಎದುರು ಪಕ್ಷದವರ ಜೊತೆ ಯಾವ ಕಾರಣಕ್ಕೂ ಮಾತಾಡಬೇಡಿ.

ಇವೆರಡರ ಜೊತೆಗೆ ಕ್ರಿಸಾಂತಾ ತನ್ನದೊಂದು ಮಾತು ಸೇರಿಸಿಕೊಂಡಿದ್ದಳು: ಜಗಳ ಬೇಡ, ಮರ್ಯಾದೆಯಿಂದ ಇರಿ. ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಇದೇ ದಂಡೆಗೆ ಅಳತೆ ಮಾಡಲು ಬಂದವರ ಮೇಲೆ ಅವಳ ತಮ್ಮ ನಾರ್ದಿಂಗ್ ಒಂದು ಕಲ್ಲೆಸೆದಿದ್ದ. ಕಲ್ಲು ಯಾರಿಗೂ ತಾಗಲಿಲ್ಲ. ಅವನು ಇನ್ನೂ ಜೈಲಿನಲ್ಲಿದ್ದ.

ಪುಲೊದಿಂದ ಮೊದಲ ಕರೆ ಬಂದದ್ದು ಒಂದು ಮಧ್ಯಾಹ್ನ. ಪುಲೊ ಎಂದರೆ ಕೊಲ್ಲಿಯ ಆಚೆ ಬದಿಯ ದಂಡೆ. ಬಲೆ ನೇಯುವವರು, ಏಡಿ ಹಿಡಿಯುವವರು. ಅಲ್ಲಿ ಯಾವುದೋ ಕಂಪನಿಯ ಮೀನಿನ ಶೈತ್ಯಾಗಾರ ಬರುತ್ತದೆಂದು ಜಾಗ ಖಾಲಿ ಮಾಡುವ ನೋಟಿಸು ಕಂಬಕಂಬಕ್ಕೂ ಅಂಟಿತ್ತು. ಕರೆ ಮಾಡಿದವಳ ಹೆಸರು ಲೂಮೆನ್.

“ಅಕ್ಕ, ವಸತಿ ಕಚೇರಿಯೋರು ದಿನಾ ಬಂದು ಓಡಾಡ್ತಾರೆ. ಸುಮ್ನೆ ನೋಡ್ತಾರೆ, ಹೋಗ್ತಾರೆ. ನಮ್ ಮನೆ ಯಾವಾಗ ಕೀಳ್ತಾರೆ ಅಂತ ಹೇಳು.”

“ಕೀಳೋಕಾಗಲ್ಲ ಕಣಮ್ಮ ಈಗ್ಲೇ. ನೋಟಿಸು ಅಂಟಿಸಿದ್ರೆ ಸಾಲ್ದು. ನಿಮ್ ಜೊತೆ ಸಮಾಲೋಚನೆ ಆಗ್ಬೇಕು.”

“ಅಂದ್ರೆ?”

“ಸಭೆ. ನಿಮ್ಮನ್ನೆಲ್ಲ ಕೂರಿಸಿ, ಎಲ್ಲಿಗೆ ಕಳಿಸ್ತೀವಿ, ಏನು ಕೊಡ್ತೀವಿ ಅಂತ ಹೇಳ್ಬೇಕು, ನಿಮ್ ಮಾತು ಕೇಳ್ಬೇಕು. ಅದಾಗೋ ತನಕ ಒಂದು ಬಿದಿರು ಮುಟ್ಟೋ ಹಾಗಿಲ್ಲ. ಸಭೆ ಅಂತ ಸಾರಿದ ತಕ್ಷಣ ನಮಗೆ ರಿಂಗು ಕೊಡಿ, ನಮ್ ವಕೀಲರು ನಿಮ್ ಜೊತೆ ಬಂದು ಕೂರ್ತಾರೆ.”

“ಅಲ್ಲೀತಂಕ?”

“ಯಾವುದಕ್ಕೂ ಸಹಿ ಹಾಕ್ಬೇಡಿ. ಹೆಬ್ಬೆಟ್ಟು ಒತ್ತಬೇಡಿ. ಕಲ್ಲು, ದೊಣ್ಣೆ ಅಂತ ಯಾರೂ ಕೈಗೆ ತಗೋಬಾರ್ದು. ಮರ್ಯಾದೆಯಿಂದ ಇರಿ.”

“ಮರ್ಯಾದೆ ಅಂದ್ರೆ ಎಷ್ಟು ಮರ್ಯಾದೆ ಅಕ್ಕ? ಆ ಬೋಳುತಲೆಯವನನ್ನ ನೋಡಿದ್ರೆ ನನಗೆ ಮೈಯೆಲ್ಲ ಉರಿಯುತ್ತೆ.”

ಕ್ರಿಸಾಂತಾಳಿಗೆ ನಗು ಬಂತು. “ಮನೆಗೆ ಬಂದೋರಿಗೆ ಹೇಗೋ ಹಾಗೆ,” ಎಂದಳು.

ಮುಂದೆ ಪುಲೊದವರು ಈ ಕಥೆಯನ್ನು ಯಾರಿಗೆ ಹೇಳಿದರೂ ಈ ಮಾತಿನ ಬಳಿ ಒಂದು ಗಳಿಗೆ ನಿಲ್ಲುತ್ತಾರೆ. ಆಮೇಲೆ ಮುಂದುವರಿಸುತ್ತಾರೆ.

ಎರಡನೆಯ ಸಲ ಲೂಮೆನ್ ಕರೆದಾಗ ಅವಳ ದನಿಯಲ್ಲಿ ಸಂಭ್ರಮವಿತ್ತು.

“ಅಕ್ಕ, ನೀನ್ ಹೇಳಿದ್ದು ಹೂವೆತ್ತಿದ ಹಾಗೆ ನಡೀತು. ಆ ಬೋಳುತಲೆ, ಬೆನಿತೆಸ್ ಸಾರ್ ಅಂತ ಅವನ ಹೆಸರು, ಇವತ್ತು ಊಟದ ಹೊತ್ತಿಗೆ ಬಂದ. ನಾವು ಅಂಗಳದಲ್ಲಿ ಎಲೆ ಹಾಸ್ಕೊಂಡು ಎಲ್ಲರೂ ಒಟ್ಟಿಗೆ ಉಣ್ತಾ ಇದ್ವಿ, ನಮ್ಮತ್ತೆ ಹುಟ್ಟಿದ ದಿನ. ಬನ್ನಿ ಸಾರ್ ಊಟಕ್ಕೆ ಅಂದೆ. ಬಂದು ಕೂತೇಬಿಟ್ಟ.”

“ಕೂತನಾ?”

“ಕೂತು ಕೈಯಲ್ಲೇ ಉಂಡ ಅಕ್ಕ, ನಮ್ ಹಾಗೇ. ಏಡಿ ಕಾಲು ಮುರಿದು ಚೀಪಿದ. ವಿನೆಗರು ಇನ್ನೊಂದಿಷ್ಟು ಹಾಕಿಸ್ಕೊಂಡ. ನಮ್ಮತ್ತೆಗೆ ಆಯಸ್ಸು ಹಾರೈಸಿದ. ಕಷ್ಟಸುಖ ಕೇಳಿದ. ಜೊತೆಗೆ ಬಂದ ಹುಡುಗಿ ಫೋಟೋ ತೆಗೀತು. ನಮ್ ಗಂಡಸರೆಲ್ಲ ಕರಗಿಹೋದ್ರು ನೋಡು. ಇಷ್ಟು ವರ್ಷದಲ್ಲಿ ಕಚೇರಿಯೋನೊಬ್ಬ ನಮ್ಮೆಲೆ ಮುಟ್ಟಿದ್ದೇ ಇಲ್ಲ.”

“ಸಹಿ ಏನಾದ್ರೂ ಕೇಳಿದ್ನಾ?”

“ಒಂದು ಪೆನ್ನೂ ಹೊರಗೆ ಬರ್ಲಿಲ್ಲ. ಮೇರಿ ಮಾತೆಯಾಣೆ.”

ಫೋನಿಟ್ಟ ಮೇಲೆ ಕ್ರಿಸಾಂತಾ ತೆರ್ಯೊನಿಗೆ ವಿಷಯ ಹೇಳಿದಳು. ಅವನು ತನ್ನ ಒಳ್ಳೆಯ ಕಣ್ಣನ್ನು ಸಣ್ಣದು ಮಾಡಿದ.

“ಮೊದಲ್ನೇ ಸಲ ಕರೆದಾಗ್ಲೇ ಕೂತನಂತಾ?”

“ಹೂಂ.”

“ಯಾರಮ್ಮ ಹಾಗೆ ಕೂರ್ತಾರೆ? ನೀನು ಉಣ್ತಾ ಇರ್ತೀಯ, ನಾನು ದಾರೀಲಿ ಹೋಗ್ತಾ ಇರ್ತೀನಿ. ಊಟಕ್ಕೆ ಬಾ ಅಂತೀಯ. ನಂದಾಯ್ತು, ನೀನು ಮಾಡು ಅಂತೀನಿ. ಹೊಟ್ಟೆ ಚುರುಗುಟ್ತಾ ಇದ್ರೂ ಹಾಗೇ ಅಂತೀನಿ. ನಮ್ಮಪ್ಪ, ನಮ್ಮಜ್ಜ ಎಲ್ಲ ಹಾಗೇ ಅಂದಿದ್ದು. ಕರೆಯೋದು ನಿನ್ ಧರ್ಮ, ಬೇಡ ಅನ್ನೋದು ನನ್ ಧರ್ಮ. ಅವನ್ಯಾಕೆ ಬೇಡ ಅನ್ಲಿಲ್ಲ?”

“ಹಸಿದಿದ್ದ ಅನ್ಸುತ್ತೆ ಬಿಡು.”

“ಕಾರಲ್ಲಿ ಬರೋನು ಪುಲೊಕ್ಕೆ ಬಂದು ಹಸಿಯೋದಾ?” ಎಂದ ತೆರ್ಯೊ. “ನಿನ್ ತಮ್ಮನ ಕಲ್ಲಿನ ಭಯ ಇನ್ನೂ ನಿನ್ ತಲೇಲಿದೆ. ಕೈಯೆತ್ತದೋರೆಲ್ಲ ನಿನಗೆ ಒಳ್ಳೆಯೋರಾಗಿ ಕಾಣ್ತಾರೆ.”

ಅವಳಿಗೆ ಸಿಟ್ಟು ಬಂತು. ತಮ್ಮನ ಸುದ್ದಿ ಎತ್ತಬಾರದೆಂದು ಅವನಿಗೆ ಎಷ್ಟೋ ಸಲ ಹೇಳಿದ್ದಳು. ಆದರೂ ಅಂದು ಸಂಜೆ ಬುಟ್ಟಿಯ ಮುಂದೆ ಕೂತಾಗ ಅವಳ ಮನಸ್ಸು ಹಗುರವಾಗಿತ್ತು. ತನ್ನ ಮಾತಿನಿಂದ ಒಂದು ದಂಡೆಯಲ್ಲಾದರೂ ಕಲ್ಲು ಏಳಲಿಲ್ಲ, ಲಾಠಿ ಬೀಳಲಿಲ್ಲ ಎಂಬ ಸಮಾಧಾನ. ಆ ಸಮಾಧಾನ ಬಹಳ ದಿನ ಉಳಿಯಲಿಲ್ಲ.

ಹೊಸ ನೋಟಿಸು ಬಂತು. ‘ನಿವಾಸಿಗಳೊಂದಿಗೆ ಸೌಹಾರ್ದ ವಾತಾವರಣದಲ್ಲಿ ಸಮಾಲೋಚನೆ ಮುಗಿದಿರುವುದರಿಂದ’ ಎಂದು ಅದು ಆರಂಭವಾಗುತ್ತಿತ್ತು. ಕೆಳಗೆ ಮನೆ ತೆರವು ಮಾಡುವ ದಿನ.

ವಕೀಲೆ ಲುವಾಲ್ಹಾತಿ ಶನಿವಾರಕ್ಕೆ ಕಾಯಲಿಲ್ಲ. ತಡೆಯಾಜ್ಞೆ ಕೇಳಿ ಅರ್ಜಿ ಹಾಕಿದಳು. ವಿಚಾರಣೆಯ ದಿನ ಕ್ರಿಸಾಂತಾ ಕೆಲಸ ಬಿಟ್ಟು ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಮುಂದಿನ ಸಾಲಿನಲ್ಲಿ ಪುಲೊದ ಹೆಂಗಸರಿದ್ದರು. ಬೆನ್ನುಗಳು ಮಾತ್ರ ಕಾಣುತ್ತಿದ್ದವು. ಯಾವ ಬೆನ್ನು ಲೂಮೆನ್ನಳದು ಎಂದು ಅವಳಿಗೆ ತಿಳಿಯಲಿಲ್ಲ.

ಬೆನಿತೆಸ್ ಫೋಟೋಗಳನ್ನು ನ್ಯಾಯಾಧೀಶರ ಮುಂದೆ ಹರಡಿದ. ಬಾಳೆ ಎಲೆಯ ಮೇಲೆ ಅನ್ನ, ಕೆಂಪು ಏಡಿ. ಸುತ್ತ ನಗುವ ಮುಖಗಳು. ನಡುವೆ ಅಂಗಿಯ ತೋಳು ಮಡಚಿದ ಅಧಿಕಾರಿ, ಅವನ ಭುಜದ ಮೇಲೆ ಒಬ್ಬ ಮುದುಕಿಯ ಕೈ.

“ಬಿಸಿಲಲ್ಲಿ ಕುರ್ಚಿ ಹಾಕಿ ಮೈಕಿನಲ್ಲಿ ಕೂಗೋದಷ್ಟೇ ಸಮಾಲೋಚನೆನಾ, ಮಹಾಸ್ವಾಮಿ?” ಎಂದ ಅವನು, ಮೆತ್ತಗೆ. “ನಾನು ಇವರ ಜೊತೆ ನೆಲದ ಮೇಲೆ ಕೂತು ಉಂಡಿದೀನಿ. ಕಷ್ಟ ಕೇಳಿದೀನಿ. ಯಾರಾದ್ರೂ ಇಲ್ಲ ಅನ್ಲಿ.”

ಮುಂದಿನ ಸಾಲಿನಿಂದ ಒಬ್ಬಳು ಎದ್ದಳು. ದನಿ ಕೇಳಿದ ಮೇಲೆ ಕ್ರಿಸಾಂತಾಳಿಗೆ ಗುರುತು ಸಿಕ್ಕಿತು.

“ಮನೆ ಕೀಳೋ ಮಾತು ನೀವು ಆಡ್ಲೇ ಇಲ್ವಲ್ಲ ಸಾರ್.”

“ಬೆಟ್ಟದ ಕಡೆ ಸಿಮೆಂಟಿನ ಮನೆ ಸಿಕ್ಕಿದ್ರೆ ಹೋಗ್ತೀಯೇನಮ್ಮ ಅಂತ ನಾನು ಕೇಳ್ಲಿಲ್ವಾ?”

“ಕೇಳಿದ್ರಿ.”

“ನೀನೇನಂದೆ?”

ಲೂಮೆನ್ ವಕೀಲೆಯ ಕಡೆ ನೋಡಿದಳು.

“ಏನಂದೆ, ಹೇಳು.”

“ಸಿಮೆಂಟಿನ ಮನೆ ಯಾರಿಗೆ ಬೇಡ ಸಾರ್, ಅಂದೆ. ನೀವು ಏಡಿ ತಿಂತಾ ಇದ್ರಿ. ಅದು ಊಟದ ಮಧ್ಯದ ಮಾತು.”

“ಕೇಳಿದ್ರಲ್ಲ, ಮಹಾಸ್ವಾಮಿ,” ಎಂದು ಬೆನಿತೆಸ್ ಕೂತ.

ಕರೆದು ಉಣಿಸುವುದು ಈ ಜನರ ನಡವಳಿಕೆ, ಅದನ್ನು ಒಪ್ಪಿಗೆ ಎಂದು ಓದಬಾರದು ಎಂದು ಲುವಾಲ್ಹಾತಿ ಗಂಟಲು ಒಣಗುವವರೆಗೆ ವಾದಿಸಿದಳು. ಸಮಾಲೋಚನೆ ಎಂದರೆ ಇಂಥದ್ದೇ ರೀತಿಯಲ್ಲಿ ನಡೆಯಬೇಕೆಂದು ಕಾಯ್ದೆಯಲ್ಲಿ ಎಲ್ಲಿದೆ ಎಂದು ನ್ಯಾಯಾಧೀಶರು ಕೇಳಿದರು. ಅಷ್ಟು ಬಿಡಿಸಿ ಎಲ್ಲೂ ಬರೆದಿರಲಿಲ್ಲ. ಅರ್ಜಿ ಬಿದ್ದುಹೋಯಿತು.

ತೆರವಿನ ದಿನ ಕ್ರಿಸಾಂತಾ ದೋಣಿ ಹತ್ತಿ ಪುಲೊಕ್ಕೆ ಹೋದಳು. ಯಾಕೆ ಹೋಗುತ್ತೀಯೆಂದು ತೆರ್ಯೊ ಕೇಳಲಿಲ್ಲ. ಕೆಂಪು ಅಂಗಿಯ ಕೂಲಿಗಳು ಆಗಲೇ ಸಾಲಿನ ಮೊದಲ ಮನೆಗಳನ್ನು ಕಿತ್ತಿದ್ದರು. ತಗಡು ಎಳೆಯುವ ಸದ್ದು, ಮೊಳೆ ಕೀಳುವ ಸದ್ದು. ಕಂಬಗಳು ನೀರಿನಲ್ಲಿ ಬರಿದಾಗಿ ನಿಂತಿದ್ದವು. ಯಾರೂ ಕಲ್ಲೆಸೆಯಲಿಲ್ಲ. ಹೆಂಗಸರು ಪಾತ್ರೆಗಳನ್ನು ಬಲೆಯಲ್ಲಿ ಕಟ್ಟಿಕೊಂಡು ಹಲಗೆಯ ದಾರಿಯ ಮೇಲೆ ಕೂತಿದ್ದರು. ಹುಟ್ಟಿದ ದಿನದ ಮುದುಕಿ, ಲೂಮೆನ್ನಳ ಅತ್ತೆ, ತನ್ನ ಕುರ್ಚಿಯಿಂದ ಏಳಲಿಲ್ಲ; ಇಬ್ಬರು ಪೊಲೀಸರು ಕುರ್ಚಿಯ ಸಮೇತ ಎತ್ತಿ ತಂದು ದಂಡೆಯ ಕೆಸರಿನಲ್ಲಿ ಇಳಿಸಿದರು.

“ಮೆಲ್ಲಗಪ್ಪ,” ಎಂದಳು ಮುದುಕಿ ಅವರಿಗೆ. “ಕುರ್ಚಿ ಕಾಲು ಸಡಿಲ ಇದೆ.”

ಕ್ರಿಸಾಂತಾ ಅವಳ ಬಳಿ ಹೋಗಿ ನಿಂತಳು. ಏನು ಮಾತಾಡಬೇಕೆಂದು ತೋಚದೆ, “ಅಜ್ಜಿ, ನೀರು ಬೇಕಾ?” ಎಂದಳು.

ಅಷ್ಟು ಸಾಕಾಯಿತು. ಸ್ವಲ್ಪ ದೂರದಲ್ಲಿ ತಗಡು ಜೋಡಿಸುತ್ತಿದ್ದ ಕುಳ್ಳಗಿನ, ಸಣಕಲು ಹೆಂಗಸು ಥಟ್ಟನೆ ತಿರುಗಿದಳು.

“ನೀನಾ ಆ ದನಿ?”

ಕ್ರಿಸಾಂತಾ ತಲೆಯಾಡಿಸಿದಳು.

“ದನಿ ಕೇಳಿ ದೊಡ್ಡ ಆಳು ಅನ್ಕೊಂಡಿದ್ದೆ. ಕನ್ನಡಕ, ಚಪ್ಪಲಿ, ಎಲ್ಲ ಇರುತ್ತೆ ಅಂತ.” ಲೂಮೆನ್ ಅವಳ ಬರಿಗಾಲನ್ನೂ ಬಟ್ಟೆ ಸುತ್ತಿದ ಬೆರಳನ್ನೂ ನೋಡಿದಳು. ನೋಡಿದ್ದರಿಂದ ಸಿಟ್ಟು ಕಡಿಮೆಯಾಗಲಿಲ್ಲ. “ಸಹಿ ಹಾಕ್ಬೇಡಿ ಅಂದೆ, ಹಾಕ್ಲಿಲ್ಲ. ಹೊಡೀಬೇಡಿ ಅಂದೆ, ಹೊಡೀಲಿಲ್ಲ. ನಿನ್ ತಮ್ಮ ಕಲ್ಲೆಸೆದಿದ್ದಕ್ಕೆ ಜೈಲಲ್ಲಿದಾನಂತೆ, ನಿಮ್ ಕಡೆ ದೋಣಿಯೋನು ಹೇಳಿದ. ಕಲ್ಲೆಸೆದ್ರೆ ಜೈಲು. ಊಟ ಹಾಕಿದ್ರೆ ಇದು. ನಿಮ್ ಕಾನೂನಲ್ಲಿ ಮೂರನೇದು ಏನಾದ್ರೂ ಇದ್ರೆ ಹೇಳಕ್ಕ. ಈಗ ಹೇಳು.”

ಕ್ರಿಸಾಂತಾಳಿಗೆ ಬಾಯಿಪಾಠವಿದ್ದ ಕಾನೂನೆಲ್ಲ ನೆನಪಿಗೆ ಬಂತು. ಅದರಲ್ಲಿ ಮೂರನೆಯದು ಇರಲಿಲ್ಲ. ಅವಳು ಬಗ್ಗಿ ತಗಡಿನ ಇನ್ನೊಂದು ತುದಿ ಹಿಡಿದಳು. ಲೂಮೆನ್ ಅವಳ ಕೈಯಿಂದ ಅದನ್ನು ಕಿತ್ತುಕೊಂಡಳು. ಆಮೇಲೆ, ಒಬ್ಬಳಿಂದ ಎತ್ತಲಾಗದೆ, ಕೆಳಗಿಟ್ಟಳು.

ಕೆಲವು ಮನೆಯವರು ಲಾರಿ ಹತ್ತಿ ಬೆಟ್ಟದ ಕಡೆ ಹೋದರು. ಅಲ್ಲಿ ಸಿಮೆಂಟಿನ ಗೋಡೆಯಿತ್ತು, ಸೂರು ಇನ್ನೂ ಬಂದಿರಲಿಲ್ಲ. ಸಮುದ್ರವಂತೂ ಬರುವ ಹಾಗೆಯೇ ಇರಲಿಲ್ಲ. ಹೋಗಲೊಲ್ಲದವರು ದೋಣಿಗಳಲ್ಲಿ ತಲಬಾಕ್ಕೆ ಬಂದರು. ಪಾದ್ರಿ ಚರ್ಚಿನ ಬಾಗಿಲು ತೆರೆದುಕೊಟ್ಟರು. ಬೆಂಚುಗಳ ನಡುವೆ ಬಲೆ ಕಟ್ಟಿ ಬಟ್ಟೆ ಒಣಹಾಕಿದರು. ಮುದುಕಿಯ ಕುರ್ಚಿ ಪಲ್ಲಕ್ಕಿಯ ಕೋಣೆಗೆ ಬಂತು; ಅಲ್ಲಿ ಮಾತ್ರ ಗಾಳಿ ಆಡುತ್ತಿತ್ತು.

ಕ್ರಿಸಾಂತಾ ಫೋನು ಮುಟ್ಟುವುದನ್ನು ಬಿಟ್ಟಳು. ಕೋಣೆಗೆ ಬಂದು ಕಸ ಗುಡಿಸುತ್ತಿದ್ದಳು, ಮುದುಕಿಯ ಕಾಲು ಒತ್ತುತ್ತಿದ್ದಳು. ರಿಂಗಾದರೆ ಹೊರಗೆ ಹೋಗುತ್ತಿದ್ದಳು.

“ಹೀಗೆ ಬಿಟ್ರೆ ಹೇಗೆ?” ಎಂದಳು ಲುವಾಲ್ಹಾತಿ, ಶನಿವಾರ ಬಂದಾಗ. “ಮೇಲಿನ ಕೋರ್ಟಿಗೆ ಹಾಕಿದೀನಿ.”

“ಅಲ್ಲಿ ಗೆದ್ರೆ ಮನೆ ವಾಪಸ್ ನಿಲ್ಲಿಸ್ತಾರಾ?”

ವಕೀಲೆ ಕನ್ನಡಕ ಒರೆಸಿಕೊಂಡಳು.

“ನಾನು ಇನ್ನು ಯಾರಿಗೂ ಏನೂ ಹೇಳಲ್ಲ,” ಎಂದಳು ಕ್ರಿಸಾಂತಾ. “ನನ್ ದನಿಗೆ ನಾನೇ ಹೆದರ್ತೀನಿ.”

ತೆರ್ಯೊ ಒಬ್ಬನೇ ಕರೆಗಳನ್ನು ನೋಡಿಕೊಂಡ. ಅವನ ಹಾಸ್ಯವೂ ಬತ್ತಿಹೋಗಿತ್ತು.

ಹೀಗಿರುವಾಗ ಒಂದು ದಿನ, ಊಟದ ಹೊತ್ತು. ಪುಲೊದ ಹೆಂಗಸರು ಗಂಜಿ ಕಾಸಿ ಹಂಚುತ್ತಿದ್ದರು. ತೆರ್ಯೊ ಕಣ್ಣಿನ ಔಷಧಿಗೆಂದು ಪೇಟೆಗೆ ಹೋಗಿದ್ದ. ಫೋನು ರಿಂಗಾಯಿತು. ಒಂದೇ ರಿಂಗಿಗೆ ನಿಲ್ಲಲಿಲ್ಲ. ಮತ್ತೆ ಮತ್ತೆ ಆಗುತ್ತಲೇ ಇತ್ತು. ಕರೆದವರಿಗೆ ದುಡ್ಡು ಉಳಿಸುವಷ್ಟು ವ್ಯವಧಾನವಿರಲಿಲ್ಲ. ಕ್ರಿಸಾಂತಾ ಕೈಯಲ್ಲಿದ್ದ ಬಟ್ಟಲು ಹಿಡಿದುಕೊಂಡೇ ಬಾಗಿಲ ಕಡೆ ನಡೆದಳು. ಲೂಮೆನ್ ಅವಳನ್ನು ದಾಟಿ ಹೋಗಿ ಫೋನು ಎತ್ತಿದಳು.

ಆ ಕಡೆ ಒಂದು ಹೆಣ್ಣುದನಿ, ಪಿಸುಮಾತು. “ಕಾನೂನು ಹೇಳೋರಾ? ನಾನು ಬಕಾವಾನ್ ದಂಡೆಯಿಂದ. ನಮ್ಮಲ್ಲೊಬ್ರು ಸಾರ್ ಬಂದಿದಾರೆ. ನಾವು ಉಣ್ತಾ ಇದ್ವಿ, ರೂಢಿ ಮೇಲೆ ಕರೆದ್ವಿ, ಕೂತುಬಿಟ್ರು. ನಮ್ ಗಂಡಸರು ಇನ್ನೊಂದು ಮೀನು ಹುರಿ ಅಂತಿದಾರೆ. ನಾನು ಹಿಂದೆ ಅಡುಗೆ ಒಲೆ ಹತ್ರ ಇದೀನಿ. ಪುಲೊದಲ್ಲಿ ಹೀಗೇ ಆಯ್ತು ಅಂತ ಯಾರೋ ಅಂದ್ರು, ಹೌದಾ?”

“ಬೋಳುತಲೆನಾ?” ಎಂದಳು ಲೂಮೆನ್.

“ಹೂಂ.”

“ಜೊತೆಗೊಂದು ಹುಡುಗಿ, ಫೋಟೋ ತೆಗೆಯೋಳು?”

“ಹೂಂ.”

“ಏನು ತಿಂತಾ ಇದಾನೆ?”

“ಹುಳಿ ಸಾರು. ಎರಡನೇ ಸಲ ಹಾಕಿಸ್ಕೊಂಡ್ರು.”

ಲೂಮೆನ್ ಒಂದು ಉಸಿರು ತೆಗೆದುಕೊಂಡಳು. “ಫೋನು ಇಡಬೇಡ. ಅದನ್ನ ಎತ್ತಿಕೊಂಡು ಅವರು ಕೂತಲ್ಲಿಗೆ ಹೋಗು. ಎಲ್ಲರಿಗೂ ಕೇಳೋ ಹಾಗೆ ದನಿ ದೊಡ್ಡದು ಮಾಡಿ ಎಲೆ ಮೇಲಿಡು.”

ಕ್ರಿಸಾಂತಾ ಬಾಗಿಲಿನಲ್ಲೇ ನಿಂತಿದ್ದಳು. ಎದುರು ಪಕ್ಷದವರ ಜೊತೆ ಮಾತಾಡಬಾರದು. ಮಾತಾಡಿದರೆ ಬೆದರಿಕೆಯ ಕೇಸು ಹಾಕಬಹುದು, ಲೈನು ಮುಚ್ಚಿಸಬಹುದು, ಲುವಾಲ್ಹಾತಿಯ ಸನ್ನದಿಗೂ ಕುತ್ತು ಬರಬಹುದು. ಇದನ್ನೆಲ್ಲ ಅವಳು ವಕೀಲೆಯಿಂದ ಪಾಠದಂತೆ ಕಲಿತಿದ್ದಳು. ಅವಳು ನಾಲ್ಕು ಹೆಜ್ಜೆ ಬಂದು ಕೈ ಚಾಚಿದಳು. ಲೂಮೆನ್ ಫೋನನ್ನು ಎದೆಗೆ ಒತ್ತಿಕೊಂಡು ಅವಳನ್ನು ದಿಟ್ಟಿಸಿದಳು.

“ಕೊಡು,” ಎಂದಳು ಕ್ರಿಸಾಂತಾ. “ನೀನು ಮಾತಾಡು. ನಾನು ಹಿಡ್ಕೋತೀನಿ.”

ಅವಳು ಗುಂಡಿ ಒತ್ತಿ ಈ ಕಡೆಯ ದನಿಯನ್ನೂ ದೊಡ್ಡದು ಮಾಡಿದಳು. ಬಕಾವಾನಿನ ಅಂಗಳ ಕೋಣೆಯೊಳಗೆ ಬಂತು: ಪಿಂಗಾಣಿಯ ಸದ್ದು, ಗಂಡಸರ ನಗು, ‘ಇನ್ನೊಂದು ತುಂಡು ಹಾಕಿಸ್ಕೊಳಿ ಸಾರ್’ ಎನ್ನುವ ಉಪಚಾರ. ಚರ್ಚಿನಲ್ಲಿ ಗಂಜಿ ಹಂಚುತ್ತಿದ್ದವರು ಸೌಟು ಕೈಯಲ್ಲಿ ಹಿಡಿದೇ ಬಂದು ಬಾಗಿಲಲ್ಲಿ ಗುಂಪಾದರು.

“ಬೆನಿತೆಸ್ ಸಾರ್,” ಎಂದಳು ಲೂಮೆನ್. ದನಿ ಮೆತ್ತಗಿತ್ತು, ಮರ್ಯಾದೆಯಿಂದ ಕೂಡಿತ್ತು. “ನಾನು ಪುಲೊದ ಲೂಮೆನ್. ಏಡಿ ಬಡಿಸಿದವಳು. ಊಟ ಸೇರ್ತಾ ಇದ್ಯಾ?”

ನಗು ನಿಂತಿತು.

“ಯಾರದು? ಆ ಫೋನು ತೆಗೀರಿ,” ಎಂದ ಬೆನಿತೆಸ್.

“ತೆಗೀಬೇಡ,” ಎಂದಿತು ಬಕಾವಾನಿನ ಯಾವುದೋ ಗಂಡುದನಿ. “ಕೇಳೋಣ ಇರಿ. ಪುಲೊದೋರು ಏನಂತಾರೆ?”

“ನಾವೇನೂ ಅನ್ನಲ್ಲಣ್ಣ,” ಎಂದಳು ಲೂಮೆನ್. “ನಮ್ ಮನೆ ಕಿತ್ತು ಹಾಕಿದ್ರು. ನಾವೀಗ ಚರ್ಚಿನ ಬೆಂಚಿನ ಮೇಲೆ ಮಲಗ್ತೀವಿ. ಸಾರ್ ನಮ್ ಹತ್ರ ಊಟ ಮಾಡಿ ಹೋಗಿ, ಅದನ್ನೇ ಸಮಾಲೋಚನೆ ಅಂತ ಕೋರ್ಟಲ್ಲಿ ತೋರಿಸಿದ್ರು. ಅಷ್ಟೇ. ನಿಮಗೆ ಗೊತ್ತಿರ್ಲಿ ಅಂತ.”

ಮುದುಕಿ ಕುರ್ಚಿಯಿಂದ ಕೈ ಎತ್ತಿದಳು. ಕ್ರಿಸಾಂತಾ ಫೋನನ್ನು ಅವಳ ಬಾಯಿಯ ಬಳಿ ಹಿಡಿದಳು.

“ನಾನು ಪೆತ್ರೊನಿಲಾ,” ಎಂದಳು ಮುದುಕಿ. “ನನ್ ಹುಟ್ಟಿದ ದಿನ ಬಂದು ಉಂಡೆ ಮಗನೆ. ಫೋಟೋದಲ್ಲಿ ನಿನ್ ಭುಜದ ಮೇಲಿರೋದು ನನ್ ಕೈ.”

ಅವಳ ಹಿಂದಿದ್ದವಳು ಬಗ್ಗಿದಳು. “ನಾನು ಹಸಿಂತಾ. ಅನ್ನ ಮಾಡಿದವಳು.”

“ನಾನು ಬೆನಿಲ್ದಾ. ನಿಮಗೆ ವಿನೆಗರು ತಂದುಕೊಟ್ಟವಳು.”

“ಕೈ ತೊಳೆಯೋಕೆ ನೀರು ಹಾಕಿದ್ದು ನಾನು. ಓಫೆಲ್ಯಾ.”

ಆ ಕಡೆ ಒಂದು ಕುರ್ಚಿ ಹಿಂದಕ್ಕೆ ಸರಿಯಿತು. ಬೆನಿತೆಸ್ ಏನೋ ಹೇಳುತ್ತಿದ್ದ: ಇದು ಅಪರಾಧ, ನಿಮ್ಮ ನಂಬರು ನನಗೆ ಗೊತ್ತು, ನಿಮ್ಮ ಲೈನು ನಾಳೆ ಇರುವುದಿಲ್ಲ. ಅದು ನಿಜವೂ ಆಗಬಹುದೆಂದು ಕ್ರಿಸಾಂತಾಳಿಗೆ ತಿಳಿದಿತ್ತು. ಅವನ ಮಾತಿನ ಮೇಲೆಯೇ ಬಕಾವಾನಿನ ಪಿಸುಮಾತಿನ ಹೆಂಗಸು, ಈಗ ಗಟ್ಟಿಯಾಗಿ, “ಎಲೆ ತೆಗೀರೇ,” ಎಂದಳು. ಕಾರಿನ ಬಾಗಿಲು ಬಡಿದ ಸದ್ದು, ಕಾರು ಹೊರಟ ಸದ್ದು.

ಕ್ರಿಸಾಂತಾ ಫೋನು ಇಳಿಸಲಿಲ್ಲ. ಅವಳ ಮುಂದಿನ ಸಾಲು ಬಾಗಿಲು ದಾಟಿ, ಬೆಂಚುಗಳ ನಡುವೆ ಹಾದು, ಚರ್ಚಿನ ಮೆಟ್ಟಿಲವರೆಗೆ ಬೆಳೆದಿತ್ತು. ಈಗಿಲ್ಲದ ಮನೆಗಳ ಹೆಂಗಸರು ಒಬ್ಬೊಬ್ಬರಾಗಿ ಬಗ್ಗಿ ಹೆಸರು ಹೇಳಿದರು, ಅಂದು ತಾವು ಏನು ಬಡಿಸಿದೆವೆಂದು ಹೇಳಿದರು. ಬಕಾವಾನಿನವರು ಊಟ ಬಿಟ್ಟು ಕೇಳುತ್ತಿದ್ದರು.